ಅರ್ಧ ಕುದುರೆಯ ತಗಡು

ತಕ್ಕಡಿಯ ಒಂದು ತಟ್ಟೆಯಲ್ಲಿ ಮೋಟಾರು ಕೂತಿತು. ಕೂತದ್ದು ಮೇಲೇಳಲಿಲ್ಲ.

ಕಾನ್‌ಸ್ಟೇಬಲ್ ಅಬ್ದುಲ್ ವಹೀದ್ ಇನ್ನೊಂದು ತಟ್ಟೆಗೆ ಐದು ಕಿಲೋದ ಕಲ್ಲು ಇಟ್ಟ. ಆಮೇಲೆ ಹತ್ತರದು. ಆಮೇಲೆ ಎರಡರ ಎರಡು ಕಲ್ಲು. ಹತ್ತೊಂಬತ್ತಾದ ಮೇಲೆ ಮೋಟಾರು ಮನಸ್ಸಿಲ್ಲದ ಮನಸ್ಸಿನಿಂದ ನೆಲ ಬಿಟ್ಟಿತು.

ತಕ್ಕಡಿ ಠಾಣೆಯದಲ್ಲ. ರಾಯಚೂರಿನ ಆ ಠಾಣೆಯಲ್ಲಿ ಆಗ ತೂಗುವಂಥ ವಸ್ತು ಯಾವುದೂ ಇರಲಿಲ್ಲ. ಎದುರಿನ ಕಾಳಿನ ಅಂಗಡಿಯಿಂದ ತಂದದ್ದು. ತರುವಾಗ ಅಂಗಡಿಯವನು ಏನು ತೂಗುತ್ತೀರಿ ಎಂದು ಕೇಳಿದ್ದ. ಸತ್ತವನನ್ನು ಕೊಂದ ವಸ್ತು ಎಂದು ವಹೀದ್ ಹೇಳಿದ್ದ. ತಕ್ಕಡಿ ವಾಪಸ್ ಬೇಡ ಎಂದು ಅಂಗಡಿಯವನು ಆಗಲೇ ತೀರ್ಮಾನಿಸಿದ್ದನಂತೆ.

ಸಬ್ ಇನ್‌ಸ್ಪೆಕ್ಟರ್ ಮೌನಪ್ಪ ಬಗ್ಗಿ ಮೋಟಾರಿನ ಮೈಮೇಲಿನ ಹಿತ್ತಾಳೆಯ ತಗಡನ್ನು ಬೆರಳಿನಿಂದ ಒರೆಸಿದ. ಅರ್ಧ ಹೆಚ್‌ಪಿ, ಅಂದರೆ ಅರ್ಧ ಕುದುರೆಯ ಬಲ, ಎಂದು ಉಳಿಯಿಂದ ಹೊಡೆದಿತ್ತು.

ನಂತರ ಅವನು ಎರಡನೆಯ ಮೋಟಾರು ಇಡಿಸಿದ. ಅದು ಸತ್ತವನು ದುಡಿಯುತ್ತಿದ್ದ ಕಾರ್ಖಾನೆಯಲ್ಲಿ ಪ್ಯಾಕ್ ಆಗಿ ಕುವೈತಿಗೆ ಹೊರಟು ನಿಂತಿದ್ದ ಯಂತ್ರದೊಳಗಿನಿಂದ ಬಿಚ್ಚಿ ತಂದದ್ದು. ಅದರ ತಗಡಿನ ಮೇಲೆ ಪೂರಾ ಒಂದು ಹೆಚ್‌ಪಿ, ಕೆಳಗೆ ‘ಎಡೆಬಿಡದೆ ಓಡುವುದು’ ಎಂದು ಇಂಗ್ಲಿಷಿನಲ್ಲಿ ಇತ್ತು. ಅದು ಆರು ಕಿಲೋಕ್ಕೆ ಹಗುರಾಗಿ ಮೇಲೆದ್ದಿತು.

ಅರ್ಧ ಕುದುರೆ ಹತ್ತೊಂಬತ್ತು ಕಿಲೋ. ಇಡೀ ಕುದುರೆ ಆರು ಕಿಲೋ.

ಮೌನಪ್ಪ ಗಬ್ಬೂರಿನ ಕೂಲಿ ಮನೆತನದವನು. ಹೊಲದಲ್ಲಿ ದುಡಿದ ಎತ್ತುಗಳನ್ನು ನೋಡಿ ಬೆಳೆದವನು. ಎತ್ತಿನ ಬಲ ಅದರ ಕೊರಳ ಗಂಟೆ ನೋಡಿ ತಿಳಿಯುವುದಿಲ್ಲ ಎಂಬಷ್ಟು ಅವನಿಗೆ ಗೊತ್ತಿತ್ತು. ಆದರೆ ಹೆಚ್‌ಪಿ ಎಂದರೇನು ಎಂಬುದು ಆರು ದಿನದ ಹಿಂದಿನವರೆಗೆ ಅವನಿಗೂ ಗೊತ್ತಿರಲಿಲ್ಲ, ಸತ್ತವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಸತ್ತವನು ತಿಳಿದುಕೊಳ್ಳಲು ಹೋಗಿದ್ದ. ಅದೇ ಕುತ್ತಾಯಿತು.

ಹೋದ ಮಂಗಳವಾರ ಸಂಜೆ ರಾಯಚೂರಿನ ಆ ಕಾರ್ಖಾನೆಯ ಶೆಡ್ಡಿನಲ್ಲಿ ರಫ್ತಿನ ಗುಮಾಸ್ತ ಅಯ್ಯಣ್ಣ ಕಾಗದ ಹರಿಯುವ ಯಂತ್ರದ ಮೇಲೆ ಕೈ ಇಟ್ಟುಕೊಂಡೇ ಸತ್ತು ಸಿಕ್ಕಿದ್ದ, ಕರೆಂಟು ಹೊಡೆದಿತ್ತು, ಆ ಯಂತ್ರದ ಮೋಟಾರಿಗೆ ತಂತಿ ಸುತ್ತಿದ ಮಿಸ್ತ್ರಿ ಅಲ್ಲಾಉದ್ದೀನ್ ತಪ್ಪು ನನ್ನದೇ ಎಂದು ತಾನಾಗಿ ಬಂದು ಠಾಣೆಯ ಲಾಕಪ್ಪಿನೊಳಗೆ ಕೂತಿದ್ದ.

ರಿಮಾಂಡಿನ ದಿನ ಮುಗಿದು, ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಅವನನ್ನು ಕೋರ್ಟಿಗೆ ಕರೆದೊಯ್ಯಬೇಕು. ಅಜಾಗರೂಕತೆಯಿಂದ ಸಾವು. ಅವನು ಅಲ್ಲಿಯೂ ಒಪ್ಪಿಕೊಂಡರೆ ಎರಡು ವರ್ಷ, ಫೈಲು ಬಂದ್. ಸರ್ಕಲ್ ಸಾಹೇಬರು ಆ ಫೈಲಿಗೆ ಕಟ್ಟುವ ಕೆಂಪು ದಾರವನ್ನು ಮೊನ್ನೆಯೇ ಕಳಿಸಿದ್ದರು.

* * *

ಈ ಯಂತ್ರದ ಹುಟ್ಟನ್ನು ಒಂದು ಮಾತಿನಲ್ಲಿ ಹೇಳಿಬಿಡಬೇಕು, ಇಲ್ಲದಿದ್ದರೆ ಯಾರೂ ನಂಬುವುದಿಲ್ಲ. ಹೇಳಿದರೂ ನಂಬುವುದು ಕಷ್ಟ.

ಮಾನ್ವಿಯ ಅಕ್ಕಿ ಗಿರಣಿಯ ಸಾಹುಕಾರ ಗಡಿಗೆಪ್ಪ ರಾಯಚೂರಿನಲ್ಲಿ ಜೋಳದ ದಂಟು ಕತ್ತರಿಸುವ ಯಂತ್ರ ಮಾಡಿಸಿ ಮಾರುತ್ತಿದ್ದ. ಎಂಬತ್ತೊಂದರಲ್ಲಿ ಅವನ ಗುರುತಿನವರೊಬ್ಬರು ಕುವೈತಿನಿಂದ ಬಂದವರು, ಅಲ್ಲಿನ ಆಫೀಸುಗಳಲ್ಲಿ ಗುಟ್ಟಿನ ಕಾಗದಗಳನ್ನು ಯಂತ್ರಕ್ಕೆ ಹಾಕಿ ಚೂರು ಮಾಡುತ್ತಾರೆ ಎಂದು ಹೇಳಿದರು. ಬರೆಯುವುದೇಕೆ, ಹರಿಯುವುದೇಕೆ ಎಂದು ಗಡಿಗೆಪ್ಪ ಕೇಳಲಿಲ್ಲ. ದಂಟಿನ ಯಂತ್ರವನ್ನು ಗಿಡ್ಡ ಮಾಡಿಸಿದ, ಬಾಯಿ ಕಿರಿದು ಮಾಡಿಸಿದ, ಬೂದಿ ಬಣ್ಣ ಬಳಿಸಿದ. ಮೊದಲ ಐವತ್ತು ಯಂತ್ರ ಕುವೈತಿಗೆ ಹೋದವು. ಅದರಲ್ಲೊಂದರ ಹಲ್ಲಿನ ಸಂದಿಯಲ್ಲಿ ಜೋಳದ ಒಣಗರಿಯ ರವದಿ ಸಿಕ್ಕಿ, ಅಲ್ಲಿನವರು ಅದು ಯಾವ ದೇಶದ ಗುಟ್ಟಿನ ಕಾಗದವೆಂದು ಮೂರು ದಿನ ಪರೀಕ್ಷೆ ಮಾಡಿದರು ಎಂದು ಜನ ಹೇಳುತ್ತಾರೆ. ಜನ ಏನು ಬೇಕಾದರೂ ಹೇಳುತ್ತಾರೆ.

ಎರಡನೆಯ ಸಲ ಇನ್ನೂರು ಯಂತ್ರ ಬೇಕೆಂದರು. ಆದರೆ ಅವು ಹೊರಡುವ ಮೊದಲು ಒಂದು ಪತ್ರ ಬಂತು.

ಆ ಪತ್ರ ನಿನ್ನೆ ದೇವದುರ್ಗದಲ್ಲಿ ಮೌನಪ್ಪನ ಕೈಗೆ ಸಿಕ್ಕಿತ್ತು. ಅಯ್ಯಣ್ಣನ ಹೆಂಡತಿ ಯಮನಮ್ಮ ಅದನ್ನು ತೊಟ್ಟಿಲ ಹಾಸಿಗೆಯ ಅಡಿಯಿಂದ ತೆಗೆದುಕೊಟ್ಟಳು. ತೊಟ್ಟಿಲಲ್ಲಿದ್ದ ಹೆಣ್ಣುಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಕೂಸು ಒದ್ದೆ ಮಾಡಿದ್ದರಿಂದ ಪತ್ರದ ಒಂದು ಮೂಲೆಯ ಅಕ್ಷರ ಹರಡಿಕೊಂಡಿತ್ತು.

ಕುವೈತಿನ ವ್ಯಾಪಾರಿ ಮೂರೇ ಪ್ರಶ್ನೆ ಕೇಳಿದ್ದ. ನಿಮ್ಮ ತಗಡಿನ ಒಂದು ಹೆಚ್‌ಪಿ ಎಂಬುದು ಮೋಟಾರು ಲೈನಿನಿಂದ ತೆಗೆದುಕೊಳ್ಳುವುದೋ, ಹಲ್ಲುಗಳಿಗೆ ಕೊಡುವುದೋ? ಕೊಡುವುದಾದರೆ ಎಷ್ಟು ನಿಮಿಷ? ನಮ್ಮವರು ಅಳೆದು ನೋಡಿದರೆ ಅದು ಮುನ್ನೂರೈವತ್ತು ವ್ಯಾಟ್ ತಗೊಂಡು ನಾಲ್ಕು ನಿಮಿಷಕ್ಕೆ ಸುಟ್ಟ ವಾಸನೆ ಬರುತ್ತದೆ, ಯಾಕೆ? ಉತ್ತರ ಬರುವವರೆಗೆ ಇನ್ನೂರು ಯಂತ್ರ ಹಡಗು ಹತ್ತುವಂತಿಲ್ಲ.

ಅಯ್ಯಣ್ಣ ಬಿ.ಎ. ಮಾಡಿದವನು. ಅವನ ಕೇರಿಯಲ್ಲಿ ಇಂಗ್ಲಿಷು ಟೈಪು ಮಾಡಬಲ್ಲ ಮೊದಲ ಮನುಷ್ಯ. ಸಾಹುಕಾರ ಹೇಳಿದ್ದನ್ನು ಟೈಪು ಮಾಡುವುದು ಅವನ ಕೆಲಸ. ಆದರೆ ಈ ಪ್ರಶ್ನೆಗಳಿಗೆ ಸಾಹುಕಾರ ಏನಾದರೂ ಬರಿ ಎಂದಾಗ ಅವನಿಗೆ ಏನಾದರೂ ಬರೆಯಲು ಕೈ ಬರಲಿಲ್ಲ. ಪತ್ರದ ಕೆಳಗೆ ಬೀಳುವ ಸಹಿ ಅವನದು.

ಸತ್ತ ದಿನ ಬೆಳಿಗ್ಗೆ ಅವನು ಹೆಂಡತಿಗೆ ಹೇಳಿ ಹೋದ ಮಾತನ್ನು ಯಮನಮ್ಮ ಇದ್ದ ಹಾಗೇ ಒಪ್ಪಿಸಿದಳು.

“ಖರೇ ಒಂದು ಕುದರಿ ಹೆಂಗಿರ್ತದ ಮುಟ್ಟಿ ನೋಡಿ ಬರ್ತೀನಿ, ಆಮ್ಯಾಲ ಉತ್ತರ ಟಪಾಲಿಗಿ ಹಾಕ್ತೀನಿ, ಅಂದ್ರು ರೀ.”

ಶೆಡ್ಡಿನಲ್ಲಿ ಖರೇ ಒಂದು ಕುದುರೆ ಯಾವುದೂ ಇರಲಿಲ್ಲ. ಅಲ್ಲಿದ್ದ ಇನ್ನೂರೂ ಆರು ಕಿಲೋದವು.

* * *

ಅಲ್ಲಾಉದ್ದೀನ್ ಮಿಸ್ತ್ರಿ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದ. ಅರವತ್ತರ ಹತ್ತಿರದ ಮನುಷ್ಯ. ತಾಮ್ರದ ತಂತಿ ಸುತ್ತಿ ಸುತ್ತಿ ಹೆಬ್ಬೆರಳಿನ ಪಕ್ಕ ಒಂದು ಗೀರು ಬಿದ್ದಿತ್ತು, ಅದರಲ್ಲಿ ದಾರ ಇಟ್ಟರೆ ನಿಲ್ಲುವಷ್ಟು ಆಳ. ಮಾನ್ವಿ, ದೇವದುರ್ಗ, ಯಾಪಲದಿನ್ನಿಯವರೆಗೆ ಅವನು ಸುತ್ತಿದ ಮೋಟಾರುಗಳಿದ್ದವು.

ಮೌನಪ್ಪ ಎರಡೂ ತೂಕ ಹೇಳಿದ. ಕುವೈತಿನ ಪ್ರಶ್ನೆಯನ್ನೂ ಹೇಳಿದ. ಕೇಸಿನ ಮಾತಾಡಿದರೆ ಬಾಯಿ ಕಟ್ಟಿಕೊಳ್ಳುವ ಮಿಸ್ತ್ರಿ ಮೋಟಾರಿನ ಮಾತೆತ್ತಿದಾಗ ತಡೆದುಕೊಳ್ಳಲಾರದೆ ನೆಟ್ಟಗೆ ಕೂತ.

“ಒಂದು ಕುದರಿ ಅಂದ್ರ ಏಳ್ನೂರ ನಲವತ್ತಾರು ವ್ಯಾಟ್ ರೀ ಸಾಹೇಬ್ರ. ಅದು ಶಾಫ್ಟ್ ಕೊಡೋದು. ಲೈನಿಂದ ತಗೊಳ್ಳೋದು ಅದಕ್ಕಿಂತ ಜಾಸ್ತಿ ಇರಬೇಕು. ತಗೊಳ್ಳೋದು ಭತ್ತ, ಕೊಡೋದು ಅಕ್ಕಿ. ನಡಕ ಹೊಟ್ಟು, ತೌಡು ಹೋಗ್ತದಲ್ರಿ, ಹಂಗ ಇದ್ರಾಗ ಕಾವಾಗಿ ಹೋಗ್ತದ.”

“ಮುನ್ನೂರೈವತ್ತು ತಗೊಂಡು ಏಳ್ನೂರ ನಲವತ್ತಾರು ಕೊಡ್ತದ ಅಂತ ತಗಡಿನ ಮ್ಯಾಲ ಅದ.”

“ಅರ್ಧ ಚೀಲ ಭತ್ತ ಹಾಕಿ ಒಂದು ಚೀಲ ಅಕ್ಕಿ ತಗದಂಗ. ಸಾವುಕಾರ್ರು ಹೇಳಿದ್ರು, ನಾ ಹೊಡದೆ.”

ನಿಮಿಷದ ಲೆಕ್ಕವನ್ನೂ ಅವನೇ ಬಿಡಿಸಿದ. ಎಂಥ ಮುದಿ ಎತ್ತೂ ಹೊಡೆದರೆ ಐದು ನಿಮಿಷ ಓಡುತ್ತದೆ. ದಿನಪೂರ್ತಿ ಎಳೆಯುವ ಎತ್ತು ಬೇರೆ. ಆರು ಕಿಲೋದ ಮೋಟಾರು ಕಾಲು ಕುದುರೆ, ಅದೂ ಐದು ನಿಮಿಷ ಓಡಿ ಅರ್ಧ ತಾಸು ಆರಬೇಕು. ತಗಡಿನ ಮೇಲೆ ಎಡೆಬಿಡದೆ ಓಡುವುದು ಎಂದು ಹೊಡೆದವನೂ ಅವನೇ. ಇಂಗ್ಲಿಷು ಬರುವುದಿಲ್ಲ, ಸಾಹುಕಾರ ಬರೆದುಕೊಟ್ಟ ಚೀಟಿಯ ಆಕಾರ ನೋಡಿ ಹೊಡೆದಿದ್ದ.

ಹಾಗಾದರೆ ಹತ್ತೊಂಬತ್ತು ಕಿಲೋದ, ಖರೇ ಒಂದು ಕುದುರೆಯ ಮೋಟಾರಿನ ಮೇಲೆ ಅರ್ಧ ಎಂದು ಯಾಕೆ ಹೊಡೆದೆ ಎಂದು ಮೌನಪ್ಪ ಕೇಳಿದ.

ಮಿಸ್ತ್ರಿ ಮತ್ತೆ ಗೋಡೆಗೆ ಒರಗಿದ.

ಅದು ಯಂತ್ರಕ್ಕೆ ಎರಡೇ ಬೋಲ್ಟಿನಿಂದ ಕೂತಿತ್ತು, ಉಳಿದೆರಡು ತೂತು ಹೊಂದುತ್ತಲೇ ಇರಲಿಲ್ಲ, ಮಿಸ್ತ್ರಿಯ ಕೈ ಹಾಗೆ ಮಾಡುವುದಿಲ್ಲ ಎಂದ ಮೌನಪ್ಪ. ಗಾಳಿ ತೂತಿನಲ್ಲಿ ಬೆರಳು ಹಾಕಿದರೆ ತೌಡು ಬರುತ್ತದೆ, ಕಾಗದದ ಶೆಡ್ಡಿನಲ್ಲಿ ತೌಡು ಎಲ್ಲಿಂದ ಎಂದೂ ಕೇಳಿದ.

“ತಪ್ಪು ನಂದ ಅಂತ ಬರ್ಕೊಂಡೀರಲ್ರಿ,” ಎಂದ ಅಲ್ಲಾಉದ್ದೀನ್. “ಎರಡು ವರ್ಸ. ಹೋಗಿ ಬರ್ತೀನಿ. ಬಿಟ್ಟುಬಿಡ್ರಿ.”

ಹಾಗೆ ಹೇಳುವವರನ್ನು ಮೌನಪ್ಪ ಬಹಳ ನೋಡಿದ್ದ. ಅವನ ಅಪ್ಪನೂ ಗೌಡರ ಮಗ ಹೊಡೆದ ಟ್ರ್ಯಾಕ್ಟರಿನ ಅಪಘಾತಕ್ಕೆ ನಾನೇ ಹೊಡೆದೆನೆಂದು ಒಂದು ವರ್ಷ ಹೋಗಿ ಬಂದಿದ್ದ. ಅಪ್ಪನಿಗೆ ಟ್ರ್ಯಾಕ್ಟರಿನ ಬಾಗಿಲು ಯಾವ ಕಡೆ ಎಂದೂ ಗೊತ್ತಿರಲಿಲ್ಲ. ಟ್ರ್ಯಾಕ್ಟರಿಗೆ ಬಾಗಿಲೇ ಇಲ್ಲವೆಂದು ಕೋರ್ಟಿನಲ್ಲಿ ಯಾರೂ ಹೇಳಲಿಲ್ಲ.

ಮೌನಪ್ಪ ಕೀಲಿ ಹಾಕಿ ಹೊರಗೆ ಬಂದ. ಮಿಸ್ತ್ರಿಯ ಹೆಂಡತಿ ಬಡೇಬೀ ಮೆಟ್ಟಿಲ ಮೇಲೆ ಕೂತಿದ್ದಳು. ಆರು ದಿನದಿಂದ ಮಾನ್ವಿಯ ಮೊದಲ ಬಸ್ಸಿಗೆ ಬುತ್ತಿ ತಂದು, ಮಧ್ಯಾಹ್ನದ ಬಸ್ಸಿಗೆ ಖಾಲಿ ಡಬ್ಬಿ ಒಯ್ಯುತ್ತಿದ್ದಳು. ಅವಳು ದಿನಾ ಒಂದೇ ಮಾತು ಹೇಳುತ್ತಿದ್ದಳು, ಅಂದೂ ಹೇಳಿದಳು: ನಮ್ಮವರ ಮೋಟಾರು ಮೂವತ್ತು ವರ್ಷದಲ್ಲಿ ಒಂದು ಇರುವೆಗೂ ಕರೆಂಟು ಹೊಡೆದಿಲ್ಲ.

ಅವಳು ಗಡಿಗೆಪ್ಪನ ಗಿರಣಿಯ ಅಂಗಳದಲ್ಲಿ ಭತ್ತ ಒಣಗಿಸುವ ಕೂಲಿ. ನಾನೂ ಮಾನ್ವಿಗೇ ಹೊರಟಿದ್ದೇನೆ, ಜೀಪು ಹತ್ತು ಯವ್ವಾ ಎಂದ ಮೌನಪ್ಪ.

* * *

ಮಾನ್ವಿಯ ದಾರಿಯ ಬಿಸಿಲನ್ನು ಕುರಿತು ವಹೀದ್ ಒಂದು ಮಾತು ಹೇಳುತ್ತಿದ್ದ: ಕಲ್ಲೂರಿನ ಹತ್ತಿರ ಒಂದು ಕೋಳಿ ರಸ್ತೆ ದಾಟಲು ಹೊರಟು ಆಚೆ ದಡ ಸೇರುವಷ್ಟರಲ್ಲಿ ಬೆಂದು ಸಾರಾಗಿತ್ತಂತೆ. ಅಂದು ಅವನು ಒದ್ದೆ ಟವೆಲು ತಲೆಗೆ ಸುತ್ತಿ ಜೀಪು ಹೊಡೆದ. ಹಿಂದೆ ಬಡೇಬೀ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ನಾಳೆ ಹನ್ನೊಂದಕ್ಕೆ ಬಸ್ಸು ಯಾವುದು ಸರಿಹೋಗುತ್ತದೆ ಎಂದು ಒಮ್ಮೆ ಕೇಳಿದಳು.

ಮೌನಪ್ಪನ ತಲೆಯಲ್ಲಿ ಒಂದೇ ವಿಚಾರ ತಿರುಗುತ್ತಿತ್ತು. ಪರದೇಶಕ್ಕೆ ಹೋಗುವ ಮೋಟಾರಿನ ಮೇಲೆ ಇದ್ದದ್ದಕ್ಕಿಂತ ಜಾಸ್ತಿ ಬರೆಯುತ್ತಾರೆ, ಸರಿ. ಇದ್ದದ್ದಕ್ಕಿಂತ ಕಡಿಮೆ ಬರೆಯುವುದು ಯಾರಿಗಾಗಿ?

ಇದಕ್ಕೆ ಉತ್ತರ ಆ ಸೀಮೆಯ ಗಿರಣಿಗಳ ಮೊಳೆ ಮೊಳೆಗೂ ಗೊತ್ತಿತ್ತು. ಕರೆಂಟು ಬೋರ್ಡಿನವರು ಬಂದಾಗ ತಗಡು ನೋಡಿ, ಕುದುರೆ ಎಣಿಸಿ ಬಿಲ್ಲು ಹಾಕುತ್ತಿದ್ದರು. ಅದಕ್ಕೆ ಮಿಸ್ತ್ರಿಗಳು ಹತ್ತು ಕುದುರೆಯ ತಾಮ್ರ ತುಂಬಿ ಐದರ ತಗಡು ಹೊಡೆಯುತ್ತಿದ್ದರು. ಮಾನ್ವಿ ತಾಲೂಕಿನ ಅಷ್ಟೂ ಗಿರಣಿಗಳ ತಗಡು ಕೂಡಿಸಿದರೆ ಒಂದು ಟಾಂಗಾ ಎಳೆಯುವಷ್ಟು ಕುದುರೆ ಆಗುತ್ತಿರಲಿಲ್ಲ. ಆದರೂ ಅಲ್ಲಿಂದ ಅಕ್ಕಿಯ ಲಾರಿ ಸಾಲುಗಟ್ಟಿ ಹೋಗುತ್ತಿದ್ದವು. ಇದನ್ನು ಕಳವೆಂದು ಯಾರೂ ತಿಳಿದಿರಲಿಲ್ಲ. ಹಣೆಗೆ ವಿಭೂತಿ ಹಚ್ಚುವಷ್ಟೇ ಸಹಜವಾಗಿ ಮೋಟಾರಿಗೆ ಕಡಿಮೆಯ ತಗಡು ಹಚ್ಚುತ್ತಿದ್ದರು.

ಅಷ್ಟು ಸಹಜವಾದದ್ದು ಕಣ್ಣಿಗೆ ಬೀಳುವುದಿಲ್ಲ. ಅರ್ಧ ಎಂಬ ತಗಡಿನ ಮೋಟಾರನ್ನು ಅಯ್ಯಣ್ಣನ ಹೆಣದ ಪಕ್ಕದ ಯಂತ್ರಕ್ಕೆ ಬಿಗಿದವರ ಕಣ್ಣಿಗೂ ಅದು ಬಿದ್ದಿರಲಿಲ್ಲ.

ಗಿರಣಿ ಬಂತು. ಬಡೇಬೀಯನ್ನು ಜೀಪಿನಲ್ಲೇ ಕೂರಲು ಹೇಳಿ ಮೌನಪ್ಪ ಒಳಗೆ ಹೋದ.

ಒಳಗೆ ದೊಡ್ಡ ಮೋಟಾರುಗಳೆಲ್ಲ ಮೂರು ತಂತಿಯವು. ಭತ್ತದ ಕಸ ಸೋಸುವ ಜರಡಿಗೆ ಮಾತ್ರ ಮನೆಯ ಕರೆಂಟಿನ ಎರಡು ತಂತಿಯ ಮೋಟಾರು. ಕಾಗದದ ಯಂತ್ರಕ್ಕೂ ಎರಡೇ ತಂತಿ. ಜರಡಿಯ ಮೋಟಾರು ಹೊಸದಾಗಿತ್ತು, ಹಸಿರು ಬಣ್ಣ ಇನ್ನೂ ಅಂಟುತ್ತಿತ್ತು. ಅದರ ಕೆಳಗಿನ ಕಬ್ಬಿಣದ ಪೀಠದ ಮೇಲೆ ಹಳೆಯದರ ಕಾಲಿನ ಗುರುತು ಇತ್ತು. ಮೌನಪ್ಪ ಜೇಬಿನಿಂದ ದಾರ ತೆಗೆದ. ಠಾಣೆಯ ಮೋಟಾರಿನ ತೂತಿನಿಂದ ತೂತಿಗೆ ಅಳೆದು ಗಂಟು ಹಾಕಿದ್ದ ದಾರ. ನಾಲ್ಕೂ ಗಂಟು ನಾಲ್ಕೂ ಗುರುತಿನ ಮೇಲೆ ಕೂತವು.

ಗೋಡೆಯ ಬುಡದಲ್ಲಿ ನೆಲಕ್ಕೆ ಹುಗಿದ ತಂತಿಯ ತುದಿ ಇತ್ತು. ಮೋಟಾರಿನ ಮೈಗೆ ಕರೆಂಟು ಬಂದರೆ ಅದನ್ನು ಮಣ್ಣಿಗೆ ಇಳಿಸುವ ತಂತಿ. ಅದು ತುಕ್ಕು ಹಿಡಿದು ಹರಿದಿರಲಿಲ್ಲ, ಸುಟ್ಟಿರಲಿಲ್ಲ. ಇಕ್ಕಳದಿಂದ ಸಮನಾಗಿ ಕತ್ತರಿಸಿತ್ತು. ತಾಮ್ರ ಒಳಗೆ ಇನ್ನೂ ಹೊಳೆಯುತ್ತಿತ್ತು. ಠಾಣೆಯ ಮೋಟಾರಿನೊಳಗೆ ತಂತಿಯೊಂದು ತೊಗಲು ಸುಲಿದು ಮೈಗೆ ತಾಗಿದ್ದು ಕೈತಪ್ಪು ಇರಬಹುದಿತ್ತು, ಇದು ಅಲ್ಲ.

ಎರಡು ವರ್ಷದ ಅಜಾಗರೂಕತೆ ಅಲ್ಲಿಗೆ ಮುಗಿಯಿತು. ಇದು ಕೊಲೆ.

* * *

ಗಡಿಗೆಪ್ಪ ಗಾದಿಯ ಮೇಲೆ ಕೂತು ಅಕ್ಕಿ ಪರೀಕ್ಷೆ ಮಾಡುತ್ತಿದ್ದ. ಒಂದೊಂದೇ ಕಾಳು ಮುಂದಿನ ಹಲ್ಲಿನಲ್ಲಿ ಕಡಿದು ಸದ್ದು ಕೇಳುವುದು. ಕಟಕ್ ಅಂದರೆ ಒಣಗಿದೆ, ಮೆತ್ತಗೆ ಮುರಿದರೆ ಹಸಿ. ತೆಳ್ಳಗಿನ, ಮೃದು ಮಾತಿನ ಮನುಷ್ಯ. ಕೊರಳಲ್ಲಿ ಲಿಂಗದ ಬೆಳ್ಳಿಯ ಕರಡಿಗೆ, ಹಣೆಯ ಮೇಲೆ ಮೂರು ಗೆರೆ. ಚಹಾ ತರಿಸಿದ. ಅವನಿಗೆ ಸ್ಟೀಲ್ ಲೋಟ, ಮೌನಪ್ಪನಿಗೆ ಗಾಜಿನದು. ಬೇರೆಯಾಗಿ ಇಟ್ಟಿದ್ದ ಗಾಜಿನದು ನೀರಿನ ಕೊಡದ ಗಡಂಚಿಯ ಕೆಳಗಿನಿಂದ ಬಂತು. ಮೌನಪ್ಪ ಅದನ್ನು ಮುಟ್ಟದೆ ಪಕ್ಕಕ್ಕೆ ಸರಿಸಿ ತನ್ನ ಪುಸ್ತಕ ತೆರೆದ.

ಜರಡಿಯ ಹಳೆಯ ಮೋಟಾರು ಎಲ್ಲಿ ಎಂದು ಕೇಳಿದ. ಸುಟ್ಟಿತು, ಗುಜರಿಗೆ ಹೋಯಿತು ಎಂದ ಸಾಹುಕಾರ. ಯಾವ ಗುಜರಿ ಎಂದರೆ ನೆನಪಿಲ್ಲ. ಯಾವ ದಿನ ಎಂದರೆ ಹೋದ ವಾರ.

“ಹೋದ ಮಂಗಳವಾರ ಏನ್ರಿ, ಸಾವುಕಾರ್ರ?”

“ಇರಬಹುದು.”

“ಅದ್ರ ಮ್ಯಾಲ ಅರ್ಧ ಹೆಚ್‌ಪಿ ಅಂತ ತಗಡಿತ್ತು.”

ಗಡಿಗೆಪ್ಪ ಒಂದು ಕಾಳು ಕಡಿದ. ಕಟಕ್.

“ಇತ್ತು. ಬೋರ್ಡಿನವರ ಸಲುವಾಗಿ ಎಲ್ಲಾರೂ ಹೊಡಸ್ತಾರ. ಇದಕ್ಕೂ ನಿಮ್ಮ ಬುಕ್ಕಿನ್ಯಾಗ ಕಲಂ ಅದ ಏನ್ರಿ? ಇದ್ರ ಇಡೀ ಮಾನ್ವಿನ ಜೀಪಿನ್ಯಾಗ ಹಾಕ್ಕೊಂಡು ಹೋಗ್ರಿ. ಜಾಗ ಸಾಲದಿದ್ರ ನನ್ನ ಲಾರಿ ಕೊಡ್ತೀನಿ.”

“ನಿಮ್ಮ ಲಾರಿ ವಿಚಾರಕ್ಕ ಬರ್ತೀನಿ,” ಎಂದ ಮೌನಪ್ಪ. “ಶೆಡ್ಡಿನ್ಯಾಗಿನ ಇನ್ನೂರು ಮೋಟಾರಿಗೂ ಒಂದು ಅಂತ ಅದ. ಅಯ್ಯಣ್ಣನ ಹೆಣದ ಬಾಜೂ ಇದ್ದಿದ್ದಕ್ಕ ಮಾತ್ರ ಅರ್ಧ. ಕುವೈತಿಗಿ ಹೋಗೋ ಮಾಲಿಗಿ ಯಾರೂ ಕಡಿಮಿ ಹೊಡಿಯಂಗಿಲ್ಲ. ಅದು ನಿಮ್ಮ ಜರಡಿ ಮೋಟಾರು. ಅಯ್ಯಣ್ಣ ಸತ್ತಿದ್ದು ಶೆಡ್ಡಿನ್ಯಾಗಲ್ಲ, ಇಲ್ಲಿ.”

ಹೊರಗೆ ಭತ್ತ ತಿರುವುವ ಹೆಂಗಸರ ಮಾತು ಕೇಳುತ್ತಿತ್ತು. ಗಡಿಗೆಪ್ಪ ಕೈಯಲ್ಲಿದ್ದ ಕಾಳುಗಳನ್ನು ನಿಧಾನಕ್ಕೆ ತಟ್ಟೆಗೆ ಸುರಿದ.

ಮೌನಪ್ಪ ಉಳಿದದ್ದನ್ನೂ ಹೇಳಿದ. ಕುವೈತಿನ ಪತ್ರ. ಅಯ್ಯಣ್ಣ ನಿಜವಾದ ಉತ್ತರ ಬರೆದರೆ ಮುರಿದು ಬೀಳುವ ಇನ್ನೂರು ಯಂತ್ರದ ವ್ಯಾಪಾರ. ಹೆಣ ಮತ್ತು ಮೋಟಾರು ಎರಡೂ ಒಂದೇ ಲಾರಿಯಲ್ಲಿ ರಾಯಚೂರಿಗೆ ಹೋದದ್ದು. ಕತ್ತರಿಸಿದ ತಂತಿ. ಕೊನೆಗೆ, ನಿಮ್ಮ ಉಪ್ಪು ತಿಂದ ಮಿಸ್ತ್ರಿ ನಿಮ್ಮ ಪಾಪ ಹೊತ್ತು ಕೂತಿದ್ದಾನೆ, ನಾಳೆ ಅವನ ಬದಲು ನೀವು ಕಟಕಟೆಯಲ್ಲಿ ನಿಲ್ಲುತ್ತೀರಿ ಎಂದ.

ಅಷ್ಟು ಹೇಳುವಾಗ ಅವನ ದನಿ ಸ್ವಲ್ಪ ಏರಿತ್ತು. ಆ ಮಾತಿನಲ್ಲಿ ಅರ್ಧ ಅವನ ಅಪ್ಪನ ಪಾಲು.

ಗಡಿಗೆಪ್ಪ ಸಿಟ್ಟಾಗಲಿಲ್ಲ. ಅವನ ಮುಖದಲ್ಲಿ ಬಂದದ್ದು ದಣಿವು.

“ಮೋಟಾರು ನಂದು. ಲಾರಿ ನಂದು. ಬರ್ಕೊಳ್ರಿ, ಸಹಿ ಮಾಡ್ತೀನಿ. ಗಿರಣಿನ್ಯಾಗ ಹೆಣ ಬಿತ್ತಂದ್ರ ಗಿರಣಿಗಿ ಕೀಲಿ. ಹೆದರಿ ಒಯ್ದು ಹಾಕ್ಸಿದೆ. ಆದ್ರ ವಿಚಾರ ನಂದಲ್ರಿ. ಹಿಂಗ ಮಾಡೂಣು, ಯಂತ್ರಕ್ಕ ಬಿಗಿಯೂಣು, ನಾನ ಒಪ್ಗೊಂತೀನಿ, ಎರಡ ವರ್ಸ ಆಗ್ತದ ಅಂದಾಂವ ಮಿಸ್ತ್ರಿ.”

“ಸುಳ್ಳು.”

“ನನಗ ಇಕ್ಕಳ ಯಾವ ಕೈಯಾಗ ಹಿಡೀಬೇಕು ಗೊತ್ತಿಲ್ಲ, ಸಾಹೇಬ್ರ. ನಾ ಅವತ್ತು ಗಾದಿ ಬಿಟ್ಟು ಎದ್ದಿಲ್ಲ. ಅಯ್ಯಣ್ಣನ ರಾಯಚೂರಿಂದ ಕರ್ಕೊಂಡು ಬಂದಾಂವ ಯಾರು ಕೇಳ್ರಿ. ಸ್ವಿಚ್ ಹಾಕಿದಾಕಿ ಯಾರು ಕೇಳ್ರಿ. ದೂರ ಹೋಗೋದು ಬ್ಯಾಡ. ನಿಮ್ಮ ಜೀಪಿನ್ಯಾಗ ಕುಂತಾಳ.”

ಮೌನಪ್ಪ ಎದ್ದ. ಇದು ಹಳೆಯ ಆಟ, ಮೇಲಿನವರು ಕೆಳಗಿನವರ ಮೇಲೆ ಜಾರಿಸುವ ಆಟ ಎಂದು ತನಗೆ ತಾನೇ ಹೇಳಿಕೊಂಡ. ಆದರೂ ವಹೀದನಿಗೆ ಕೈ ಮಾಡಿ ಬಡೇಬೀಯನ್ನು ಒಳಗೆ ಕರೆಸಿದ.

ಅವಳು ಡಬ್ಬಿಯನ್ನು ಎದೆಗೆ ಅವುಚಿಕೊಂಡು ಬಾಗಿಲ ಹತ್ತಿರವೇ ನಿಂತಳು. ಗಾದಿಯ ಕೋಣೆಯೊಳಗೆ ಅವಳು ಎಂದೂ ಬಂದವಳಲ್ಲ. ಹೋದ ಮಂಗಳವಾರ ಜರಡಿಯ ಸ್ವಿಚ್ ಯಾರು ಹಾಕಿದ್ದು ಎಂದು ಮೌನಪ್ಪ ಕೇಳಿದ. ತಾನು ಕೇಳುತ್ತಿರುವುದಕ್ಕೆ ಅವಳು ಇಲ್ಲ ಎನ್ನಲಿ ಎಂಬ ಆಸೆ ಅವನ ದನಿಯಲ್ಲೇ ಇತ್ತು.

“ನಾನ ಹಾಕಿದೆ ರೀ,” ಎಂದಳು ಬಡೇಬೀ, ಇದರಲ್ಲಿ ಕೇಳುವುದೇನಿದೆ ಎಂಬಂತೆ. “ಉಣ್ಣೋ ಹೊತ್ತು. ಎಲ್ಲಾರೂ ಗಿಡದ ನೆರಳಿಗಿ ಹೋಗಿದ್ರು. ಸ್ವಿಚ್ ಗೋಡಿ ಆಚಿಗದ, ಹೊರಗ ನಿಂತು ಹಾಕಬೇಕು. ಒಳಗ ಏನೂ ಕಾಣಂಗಿಲ್ಲ. ಹಾಕಿ ನಾನೂ ಉಣ್ಣಾಕ ಹೋದೆ.”

“ಯಾರು ಹಾಕಂದ್ರು, ಯವ್ವಾ?”

ಅವಳು ಸಾಹುಕಾರನ ಕಡೆ ನೋಡಿದಳು. ಗಡಿಗೆಪ್ಪ ತಲೆ ತಗ್ಗಿಸಿ ಕೂತಿದ್ದ. ಇಲ್ಲೇ ಸಿಕ್ಕಿಬಿದ್ದ ಎಂದುಕೊಂಡ ಮೌನಪ್ಪ, ಮತ್ತು ಪೆನ್ನನ್ನು ಹಾಳೆಗೆ ಹಚ್ಚಿದ.

“ಸಾವುಕಾರ್ರು ಅಲ್ಲಿ ಇರಲಿಲ್ರಿ,” ಎಂದಳು ಅವಳು. “ನಮ್ಮ ಮನಿಯವ್ರು ಅಂದ್ರು.”

ವಹೀದ್ ಬಾಗಿಲ ಚೌಕಟ್ಟು ಹಿಡಿದುಕೊಂಡ.

ಸರಿಯಾಗಿ ಏನಂದರು, ನೆನಪು ಮಾಡಿಕೊಂಡು ಹೇಳು ಎಂದ ಮೌನಪ್ಪ. ಬಡೇಬೀಗೆ ನೆನಪು ಮಾಡಿಕೊಳ್ಳುವ ಅಗತ್ಯವಿರಲಿಲ್ಲ. ಗಂಡನ ನಿರ್ದೋಷವನ್ನು ಕೊನೆಗೂ ಒಬ್ಬರು ಕೇಳುತ್ತಿದ್ದಾರೆ ಎಂಬ ಉತ್ಸಾಹದಲ್ಲಿ ಅವಳು ಎರಡು ಹೆಜ್ಜೆ ಮುಂದೆ ಬಂದಳು.

“ಮದಲ ತಡಿ ಅಂದ್ರು. ನಾ ತಡದೆ. ಆಮ್ಯಾಲ ಒಳಗ ಯಾರಿಗೋ, ಎರಡೂ ಕೈ ಇಟ್ಟು ನೋಡ್ರಿ, ಅಂದ್ರ ತಿಳೀತದ, ಅಂದ್ರು. ಆಮ್ಯಾಲ ನನಗ, ಹೂಂ, ಈಗ ಹಾಕು, ಅಂದ್ರು.”

ಗಡಿಗೆಪ್ಪ ಕಣ್ಣು ಮುಚ್ಚಿಕೊಂಡು ಕರಡಿಗೆ ಮುಟ್ಟಿಕೊಂಡ. ಇನ್ನೂರು ಸುಳ್ಳು ತಗಡುಗಳ ಮೇಲೆ ಉಳಿ ಹೊಡೆದ ಕೈ ಯಾರದೆಂದು ಮೌನಪ್ಪನಿಗೆ ಬೆಳಿಗ್ಗೆಯೇ ಗೊತ್ತಿತ್ತು. ಅಯ್ಯಣ್ಣನ ಉತ್ತರ ಟಪಾಲಿಗೆ ಬಿದ್ದರೆ ಆ ಕೈಗೂ ಬೇಡಿ ಬೀಳುತ್ತಿತ್ತೆಂದು ಮಾತ್ರ ಹೊಳೆದಿರಲಿಲ್ಲ. ಅಥವಾ ಮಿಸ್ತ್ರಿಗೆ ಆ ಮಾತನ್ನು ಹಾಗೆ ಆಡಲು ಗಾದಿಯಿಂದಲೇ ಅಪ್ಪಣೆ ಹೋಗಿತ್ತೋ? ಎದ್ದಿಲ್ಲ ಎಂದಿದ್ದ ಸಾಹುಕಾರ, ಹೇಳಿಲ್ಲ ಎಂದಿರಲಿಲ್ಲ.

ಎರಡು ವರ್ಷದ ಜೈಲಿನಿಂದ ಬಿಡಿಸಲೆಂದು ಬಂದವನು ಆ ಮುದುಕನನ್ನು ನೇಣಿನ ಹಗ್ಗದ ಕೆಳಗೆ ತಂದು ನಿಲ್ಲಿಸಿದ್ದ. ಜೊತೆಗೆ, ಸ್ವಿಚ್ ಹಾಕಿದ ಈ ಹೆಂಗಸನ್ನೂ.

ಪೆನ್ನು ಹಾಳೆಯ ಮೇಲೆ ನಿಂತಲ್ಲೇ ಮಸಿಯ ಒಂದು ಚುಕ್ಕೆ ದೊಡ್ಡದಾಗುತ್ತಿತ್ತು.

ಅವನು ಬರೆಯದಿರುವುದನ್ನು ಬಡೇಬೀ ನೋಡಿದಳು. ಡಬ್ಬಿಯನ್ನು ಕೆಳಗಿಟ್ಟು, ಸೆರಗಿನಿಂದ ಹೆಬ್ಬೆರಳು ಒರೆಸಿಕೊಂಡು, ಕೈ ಮುಂದೆ ಚಾಚಿದಳು.

“ಬರ್ಕೊಳ್ರಿ, ಸಾಹೇಬ್ರ. ನಾ ಹೆಬ್ಬೆಟ್ಟು ಒತ್ತತೀನಿ. ಇದನ್ನ ತೋರ್ಸಿದ್ರ ನಾಳಿ ಅವ್ರನ್ನ ಮನಿಗಿ ಕಳಸ್ತಾರಲ್ರಿ?”